ನೀಸ್‌ನ ಗುಡ್ಡದ ಮೇಲಿನ ದೊಡ್ಡ ಹೋಟೆಲುಗಳೆಲ್ಲ ಯಾಕೆ ಮುಚ್ಚಿದವು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಫ್ರಾನ್ಸಿನ ನೀಸ್ ಊರಿಗೆ ಹೋಗಿದ್ದೆ. ಅಕ್ಕ, ಭಾವ ಮಾರ್ಸೆಯಲ್ಲಿದ್ದಾರೆ, ಅಲ್ಲಿಂದ ರೈಲಿನಲ್ಲಿ ಹೋದೆವು. ಮೊದಲ ದಿನ ಎಲ್ಲರ ಹಾಗೆ ಸಮುದ್ರದ ದಂಡೆ, ಪ್ರೊಮನಾಡ್, ಗುಲಾಬಿ ಗುಮ್ಮಟದ ನೆಗ್ರೆಸ್ಕೊ ಹೋಟೆಲು, ಇಷ್ಟು ನೋಡಿದ್ದಾಯಿತು. ಎರಡನೇ ದಿನ ಚಿತ್ರಕಾರ ಮತೀಸ್ ಅವರ ಮ್ಯೂಸಿಯಂ ನೋಡೋಣ ಅಂತ ಸಿಮಿಯೇ ಗುಡ್ಡಕ್ಕೆ ಬಸ್ಸು ಹತ್ತಿದೆವು.

ಅಲ್ಲಿ ಇಳಿದಾಗ ಕಂಡ ಒಂದು ಕಟ್ಟಡ ತಲೆಯಿಂದ ಹೋಗ್ತಾನೇ ಇಲ್ಲ. ಬೆಳ್ಳಗೆ, ಉದ್ದಕ್ಕೆ, ಒಂದೇ ನೋಟಕ್ಕೆ ಸಿಗದಷ್ಟು ದೊಡ್ಡದು. ಒಂದು ತುದಿಯಲ್ಲಿ ನೆತ್ತಿಯ ಮೇಲೆ ಕಿರೀಟ. ಎದುರಿಗೆ ವಿಕ್ಟೋರಿಯಾ ರಾಣಿಯ ಪ್ರತಿಮೆ. ಅರಮನೆ ಇರಬೇಕು ಅಂದುಕೊಂಡು ಬಾಗಿಲ ಹತ್ತಿರ ಹೋದರೆ ಅಲ್ಲಿ ಕಾಲಿಂಗ್ ಬೆಲ್ಲುಗಳ ಸಾಲು! ಒಂದೊಂದು ಗುಂಡಿಯ ಪಕ್ಕ ಒಂದೊಂದು ಮನೆಯವರ ಹೆಸರು, ಕೆಲವು ಚೀಟಿಗಳು ಬಿಸಿಲಿಗೆ ಹಳದಿಯಾಗಿವೆ. ಒಬ್ಬ ವಯಸ್ಸಾದ ಹೆಂಗಸು ತರಕಾರಿ ಚೀಲ ಹಿಡಿದುಕೊಂಡು ಬಂದು, ಬೀಗ ತೆಗೆದು, ಒಳಗೆ ಹೋದರು. ಅಷ್ಟೇ. ಅದು ಜನ ವಾಸ ಮಾಡುವ ಅಪಾರ್ಟ್‌ಮೆಂಟು.

ಭಾವನನ್ನು ಕೇಳಿದರೆ ಅದು ರೆಜಿನಾ ಅನ್ನೋ ಹೋಟೆಲಾಗಿತ್ತು ಅಂದರು. ಬೆಟ್ಟ ಇಳಿಯುವಾಗ ಇಂಥವೇ ಇನ್ನೂ ಮೂರ್ನಾಲ್ಕು ಕಂಡವು, ಎಲ್ಲವೂ ಈಗ ಮನೆಗಳೇ. ಕೆಳಗೆ ನೆಗ್ರೆಸ್ಕೊ ಮಾತ್ರ ಇವತ್ತಿಗೂ ಹೋಟೆಲು. ಒಂದೇ ಊರು, ಒಂದೇ ಕಾಲದ ಕಟ್ಟಡಗಳು. ಮೇಲಿನವು ಯಾಕೆ ಹೋದವು, ಕೆಳಗಿನವು ಯಾಕೆ ಉಳಿದವು? ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.

ಕಲ್ಲುಗಾರೆ

ಬಹಳ ಒಳ್ಳೆ ಪ್ರಶ್ನೆ. ನಾನು ಕಟ್ಟಡಗಳ ಮೇಲೆ ಓದಿದವಳು, ಆ ಊರಿನಲ್ಲಿ ಆರು ತಿಂಗಳು ಇದ್ದೆ, ಆದ್ದರಿಂದ ಉತ್ತರ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ ತಿಳಿದುಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತೆ. ನೀಸ್ ಬೇಸಿಗೆಯ ಊರಾಗಿರಲಿಲ್ಲ. ಅದು ಚಳಿಗಾಲದ ಊರು. ಇವತ್ತು ನಾವು ಆ ಹೆಸರು ಕೇಳಿದ ಕೂಡಲೇ ಜುಲೈ ಬಿಸಿಲು, ಛತ್ರಿ, ಈಜು ಅಂತ ಯೋಚನೆ ಮಾಡ್ತೀವಿ. ಆಗ ಅಕ್ಟೋಬರಿಗೆ ಹೋಟೆಲು ತೆರೆದರೆ ಏಪ್ರಿಲ್, ಮೇ ಹೊತ್ತಿಗೆ ಬಾಗಿಲು. ಬೇಸಿಗೆಯಲ್ಲಿ ಶ್ರೀಮಂತರು ಯಾರೂ ಅಲ್ಲಿ ಇರ್ತಾ ಇರಲಿಲ್ಲ. ಲಂಡನ್ನಿನ ಮಂಜು, ಪೀಟರ್ಸ್‌ಬರ್ಗಿನ ಹಿಮ ತಪ್ಪಿಸಿಕೊಳ್ಳಲು ಬಂದವರು ಅವರು. ಪ್ರಸಿದ್ಧವಾದ ನೀಸ್ ಕಾರ್ನಿವಲ್ ಫೆಬ್ರವರಿಯಲ್ಲಿ ನಡೆಯುತ್ತಲ್ವಾ, ಅದನ್ನು 1873ರಲ್ಲಿ ಈಗಿನ ರೂಪಕ್ಕೆ ತಂದಿದ್ದೇ ಈ ಚಳಿಗಾಲದ ಅತಿಥಿಗಳಿಗೆ ಹೊತ್ತು ಹೋಗಲಿ ಅಂತ.

ಇಂಗ್ಲಿಷರು 18ನೇ ಶತಮಾನದಿಂದಲೇ ಬರ್ತಾ ಇದ್ದರು. ಸ್ಮಾಲೆಟ್ ಅನ್ನೋ ಲೇಖಕ 1763ರಲ್ಲಿ ಎದೆಯ ಕಾಯಿಲೆ ಇಟ್ಟುಕೊಂಡು ಬಂದು, ವಾಪಸ್ ಹೋಗಿ ಪ್ರವಾಸದ ಪುಸ್ತಕ ಬರೆದರು, ಅದನ್ನು ಓದಿದವರು ಹಿಂದೆಯೇ ಹೊರಟರು. ನೀವು ನಡೆದಾಡಿದ ಪ್ರೊಮನಾಡ್ ದೆಜಾಂಗ್ಲೆ, ಅಂದರೆ ಇಂಗ್ಲಿಷರ ದಾರಿ, ಅದರ ಕಥೆಯೂ ಚಳಿಯದ್ದೇ. 1820ರ ಆಸುಪಾಸಿನಲ್ಲಿ ವಿಪರೀತ ಚಳಿ ಬಿದ್ದು ಕಿತ್ತಳೆ ಮರಗಳು ಸತ್ತುಹೋದವು. ತೋಟದ ಕೂಲಿಯವರು ಭಿಕ್ಷೆಗೆ ಇಳಿದರು. ಆಗ ಲೂಯಿಸ್ ವೇ ಅನ್ನುವ ಪಾದ್ರಿ ಇಂಗ್ಲಿಷರಿಂದ ಚಂದಾ ಎತ್ತಿ, ಅದೇ ಕೂಲಿಯವರಿಗೆ ಕೆಲಸ ಕೊಟ್ಟು ದಂಡೆಗುಂಟ ಒಂದು ಕಾಲುದಾರಿ ಮಾಡಿಸಿದರು. ಬರೀ ಎರಡು ಮೀಟರ್ ಅಗಲದ ದಾರಿ. ಇವತ್ತು ಅದು ಆ ಊರಿನ ಮುಖ.

ಆಮೇಲೆ ಎರಡು ಘಟನೆ. 1860ರಲ್ಲಿ ನೀಸ್ ಸಾರ್ಡಿನಿಯಾ ರಾಜ್ಯದಿಂದ ಫ್ರಾನ್ಸಿಗೆ ಸೇರಿತು. 1864ರಲ್ಲಿ ರೈಲು ಬಂತು. ಅದೇ ವರ್ಷ ರಷ್ಯಾದ ತ್ಸಾರ್ ಎರಡನೇ ಅಲೆಕ್ಸಾಂಡರ್ ರೈಲಿನಲ್ಲೇ ಬಂದಿಳಿದರು. 1861ರಲ್ಲಿ ಸುಮಾರು 48 ಸಾವಿರ ಜನ ಇದ್ದ ಊರು 1911ರ ಹೊತ್ತಿಗೆ 1 ಲಕ್ಷ 40 ಸಾವಿರ ದಾಟಿತು. ಹೋಟೆಲುಗಳು ಎದ್ದಿದ್ದು ಈ ಐವತ್ತು ವರ್ಷಗಳಲ್ಲಿ.

ಈಗ ಗುಡ್ಡದ ವಿಷಯ. ಸಮುದ್ರ ಬಿಟ್ಟು ಗುಡ್ಡದ ಮೇಲೆ ಯಾಕೆ ಕಟ್ಟಿದರು ಅಂತ ನಾನೂ ಮೊದಲು ತಲೆ ಕೆರೆದುಕೊಂಡಿದ್ದೆ. ಬಂದವರಲ್ಲಿ ಎಷ್ಟೋ ಜನ ಕ್ಷಯ ರೋಗಿಗಳು. ಕಡಲಿನ ಗಾಳಿ ನರಗಳನ್ನು ಕೆರಳಿಸುತ್ತೆ, ಸ್ವಲ್ಪ ಒಳಗೆ, ಎತ್ತರದಲ್ಲಿ, ಗಾಳಿಗೆ ಮರೆಯಾಗಿ, ಬಿಸಿಲಿಗೆ ಮುಖ ಮಾಡಿ ಇರಿ ಅಂತ ಆಗಿನ ವೈದ್ಯರು ಹೇಳ್ತಾ ಇದ್ದರು. ಸಮುದ್ರ ನೋಡುವುದಕ್ಕೆ ಮಾತ್ರ. ಇಳಿಯುವುದಕ್ಕಲ್ಲ. ಸಿಮಿಯೇ ಈ ಸಲಹೆಗೆ ಹೇಳಿ ಮಾಡಿಸಿದ ಜಾಗ. ರೆಜಿನಾದ ಮುಂಭಾಗ ಹೇಗೆ ಚಾಚಿಕೊಂಡಿದೆ ನೋಡಿದಿರಲ್ಲ, ಚಳಿಗಾಲದ ಓರೆ ಬಿಸಿಲು ಆದಷ್ಟು ಕೋಣೆಗಳಿಗೆ ಬೀಳಲಿ ಅಂತ ಹಾಗೆ.

ರೆಜಿನಾ ಕಟ್ಟಿದ ವಾಸ್ತುಶಿಲ್ಪಿ ಬಿಯಾಸಿನಿ. ವಿಕ್ಟೋರಿಯಾ ರಾಣಿ 1895, 1896ರಲ್ಲಿ ಅದೇ ಗುಡ್ಡದ ಗ್ರ್ಯಾಂಡ್ ಹೋಟೆಲಿನಲ್ಲಿ ಉಳಿದಿದ್ದರು. ಅವರು ಮತ್ತೆ ಬರಲಿ ಅಂತಲೇ 1897ಕ್ಕೆ ಇದನ್ನು ತಯಾರು ಮಾಡಿದರು. ಸುಮಾರು 400 ಕೋಣೆ. ಪಶ್ಚಿಮದ ಭಾಗ ಪೂರ್ತಿ ರಾಣಿಯ ಪರಿವಾರಕ್ಕೆ. ನೀವು ನೋಡಿದ ಕಿರೀಟ ಅವರದೇ ಗುರುತು. 1897, 98, 99, ಮೂರು ವರ್ಷ ಬಂದರು. 'ಬಾಲ್ಮೊರಲ್ ಕೌಂಟೆಸ್' ಅನ್ನುವ ಹೆಸರಿನಲ್ಲಿ ಪ್ರಯಾಣ, ಆದರೆ ಇಡೀ ಊರಿಗೆ ಅದು ಯಾರು ಅಂತ ಗೊತ್ತು. ಅವರಿಗೆ ಉರ್ದು ಕಲಿಸುತ್ತಿದ್ದ ಮುನ್ಷಿ ಅಬ್ದುಲ್ ಕರೀಂ ಕೂಡ ಜೊತೆಗಿದ್ದರು. 1897ರಲ್ಲಿ ಅವರನ್ನು ಕರೆದುಕೊಂಡು ಬರಬಾರದು ಅಂತ ಆಸ್ಥಾನದವರು ದೊಡ್ಡ ತಕರಾರು ತೆಗೆದಿದ್ದರು, ಹೋಟೆಲಿನಲ್ಲಿ ಅವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಬೇಕಾಗುತ್ತೆ ಅಂತ. ರಾಣಿ ಜಗ್ಗಲಿಲ್ಲ. ಆ ಬಾಗಿಲಿನ ಮುಂದೆ ನಿಂತಾಗ ನನಗೆ ಮೊದಲು ನೆನಪಾಗಿದ್ದು ಆಗ್ರಾದಿಂದ ಹೋದ ಆ ಮನುಷ್ಯ.

ಎದುರಿನ ಪ್ರತಿಮೆಯನ್ನು ಹತ್ತಿರದಿಂದ ನೋಡಿದಿರಾ? 1912ರದ್ದು. ರಾಣಿಗೆ ಹೂ ಕೊಡ್ತಾ ಇರುವ ಹುಡುಗಿಯರಿದ್ದಾರಲ್ಲ, ಅವರು ನಾಲ್ಕು ಊರುಗಳು. ನೀಸ್, ಕಾನ್, ಮಾಂತೋಂ, ಗ್ರಾಸ್.

ಮುಚ್ಚಿದ್ದು ಯಾಕೆ ಅಂದರೆ, ನನ್ನ ಪ್ರಕಾರ ಮುಖ್ಯ ಕಾರಣ ಯುದ್ಧ. 1914ರಲ್ಲಿ ಇವೆಲ್ಲ ಮಿಲಿಟರಿ ಆಸ್ಪತ್ರೆಗಳಾದವು. 1917ರ ಕ್ರಾಂತಿಯ ನಂತರ ರಷ್ಯಾದ ಗಿರಾಕಿಗಳೇ ಇಲ್ಲ. ಜರ್ಮನರು, ಆಸ್ಟ್ರಿಯಾದವರು ಶತ್ರುಗಳು. ಅಲ್ಲಿಗೆ ಕಥೆ ಮುಗಿಯಿತು.

ರೈಲುಹುಚ್ಚು

ಮೇಲಿನವರು ಬಹಳ ಚೆನ್ನಾಗಿ ಬರೆದಿದ್ದಾರೆ. ಒಂದೇ ಒಂದು ಸೇರಿಸ್ತೀನಿ. ರೈಲು ಬಂತು, ಅದರ ಹಿಂದೆ ಹೋಟೆಲು ಬಂತು, ಇಷ್ಟೇ ಅಲ್ಲ. ರೈಲಿನವರೇ ಹೋಟೆಲು ಕಟ್ಟಿದರು! ಯುರೋಪಿನ ಐಷಾರಾಮಿ ಮಲಗುವ ಗಾಡಿಗಳನ್ನು ಓಡಿಸ್ತಾ ಇದ್ದ ವಾಗೊಂ-ಲಿ ಕಂಪನಿ ಹೋಟೆಲುಗಳಿಗೆ ಅಂತಲೇ ಇನ್ನೊಂದು ಕಂಪನಿ ಮಾಡಿತ್ತು. ಸಿಮಿಯೇ ಗುಡ್ಡದ ರಿವಿಯೆರಾ ಪ್ಯಾಲೇಸ್ ಅವರದೇ. ಕ್ಯಾಲೆಯಲ್ಲಿ ಹಡಗು ಇಳಿದ ಇಂಗ್ಲಿಷ್ ಸಾಹೇಬರು ಇವರ ಗಾಡಿಯಲ್ಲೇ ಮಲಗಿ, ಇವರ ಹೋಟೆಲಿನಲ್ಲೇ ಎದ್ದು, ವಾಪಸ್ ಇವರ ಗಾಡಿಯಲ್ಲೇ ಹೋಗಬೇಕು. ದುಡ್ಡು ಒಂದೇ ಜೇಬಿಗೆ. ಆ ಕಟ್ಟಡವೂ ಈಗ ಅಪಾರ್ಟ್‌ಮೆಂಟೇ, ದಾರಿಹೋಕರು ಇಳಿಯುವಾಗ ಕಂಡವುಗಳಲ್ಲಿ ಅದೂ ಇದ್ದಿರಬಹುದು.

ಆದರೆ ಯುದ್ಧದಿಂದ ಕಥೆ ಮುಗಿಯಿತು ಅನ್ನೋದನ್ನು ನಾನು ಒಪ್ಪಲ್ಲ. ಕ್ಯಾಲೆಯಿಂದ ಈ ಕರಾವಳಿಗೆ ಓಡ್ತಾ ಇದ್ದ ಆ ಹೆಸರಾಂತ ಬ್ಲೂ ಟ್ರೇನಿನ ನೀಲಿ ಉಕ್ಕಿನ ಬೋಗಿಗಳು ಹಳಿಗೆ ಬಂದಿದ್ದು 1922ರ ಡಿಸೆಂಬರಿನಲ್ಲಿ. ಯುದ್ಧ ಮುಗಿದು ನಾಲ್ಕು ವರ್ಷ ಆಗಿತ್ತು. ಗಿರಾಕಿ ಇಲ್ಲದಿದ್ದರೆ ಅಂಥ ಗಾಡಿ ಯಾರು ಬಿಡ್ತಾರೆ?

ದಾರಿಹೋಕ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮುನ್ಷಿ ಅಲ್ಲಿಗೆ ಬಂದಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ.

ಆದರೆ ನನ್ನ ಮೂಲ ಪ್ರಶ್ನೆ ಇನ್ನೂ ಹಾಗೇ ಇದೆ. ಯುದ್ಧ ಎಲ್ಲರಿಗೂ ಬಂತು. ನೆಗ್ರೆಸ್ಕೊ ಕೂಡ ಆಸ್ಪತ್ರೆ ಆಗಿತ್ತು ಅಂತ ಓದಿದೆ. ಅದು ಯಾಕೆ ಉಳಿಯಿತು?

ಮೂರುಪಾಳಿ

ಇಪ್ಪತ್ತೆರಡು ವರ್ಷದಿಂದ ಹೋಟೆಲ್ ಕೆಲಸದಲ್ಲಿದ್ದೇನೆ, ಹೌಸ್‌ಕೀಪಿಂಗಿನಿಂದ ಶುರು ಮಾಡಿದವನು. ನೀಸ್‌ನಲ್ಲಿ ಎರಡು ಸೀಸನ್ ದುಡಿದಿದ್ದೇನೆ. ಒಳಗಿನವನಾಗಿ ಹೇಳ್ತೀನಿ.

ನೆಗ್ರೆಸ್ಕೊ ಉಳಿಯಿತು ನಿಜ, ಆದರೆ ಅದನ್ನು ಕಟ್ಟಿದವರು ಉಳಿಯಲಿಲ್ಲ. ಹೆನ್ರಿ ನೆಗ್ರೆಸ್ಕೊ ಬುಕಾರೆಸ್ಟಿನವರು, ತಂದೆಯದು ಛತ್ರ ನಡೆಸುವ ಕೆಲಸ. ಇವರು ನೀಸ್‌ನ ಕ್ಯಾಸಿನೊದಲ್ಲಿ ನಿರ್ದೇಶಕರಾಗಿ ದೊಡ್ಡ ದೊಡ್ಡವರ ಪರಿಚಯ ಮಾಡಿಕೊಂಡರು. ಬಂಡವಾಳ ಹಾಕುವವರು ಸಿಕ್ಕರು. ನೀರ್ಮನ್ಸ್ ಅನ್ನುವ ವಾಸ್ತುಶಿಲ್ಪಿಯ ಕೈಯಲ್ಲಿ ಆ ಹೋಟೆಲು ಕಟ್ಟಿಸಿ 1913ರ ಶುರುವಿಗೆ ಬಾಗಿಲು ತೆರೆದರು. ಲೆಕ್ಕ ಹಾಕಿ ನೋಡಿ. ಒಂದೂವರೆ ವರ್ಷ ಆಗಿದ್ದೇ ತಡ, ಯುದ್ಧ. ಗಾಯಾಳು ಸೈನಿಕರ ಮಂಚಗಳು ಒಳಗೆ ಬಂದವು. ಯುದ್ಧ ಮುಗಿಯುವ ಹೊತ್ತಿಗೆ ಮನುಷ್ಯ ದಿವಾಳಿ. ಹೋಟೆಲು ಬೆಲ್ಜಿಯಂ ಕಂಪನಿಯೊಂದರ ಪಾಲಾಯಿತು. 1920ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು, ವಯಸ್ಸು ಬರೀ 52. ಇವತ್ತಿಗೂ ಆ ಗುಮ್ಮಟದ ಕೆಳಗೆ ಅವರ ಹೆಸರು ಬೆಳಗುತ್ತೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟ ಆಗುತ್ತೆ.

ಈಗ ಪ್ರಶ್ನೆಗೆ ಬರೋಣ. ರೈಲುಹುಚ್ಚು ಸರ್ ಹೇಳಿದ್ದು ಸರಿ. ಯುದ್ಧ ಹೊಡೆತ ಕೊಟ್ಟಿತು, ಆದರೆ 1920ರ ದಶಕದಲ್ಲಿ ದುಡ್ಡು ವಾಪಸ್ ಬಂತು. 1929ರಲ್ಲಿ ಫ್ರಾಂಕ್ ಜೇ ಗೂಲ್ಡ್ ಅನ್ನುವ ಅಮೆರಿಕದ ಸಿರಿವಂತ ದಂಡೆಯ ಮೇಲೆ ಪಾಲೆ ದ ಲಾ ಮೆದಿತೆರಾನೆ ಅನ್ನುವ ಭಾರಿ ಕ್ಯಾಸಿನೊ ತೆರೆದರು. ಊರು ಸತ್ತಿದ್ದರೆ ಅಲ್ಲಿ ಯಾರು ಅಷ್ಟು ಸುರಿಯುತ್ತಾರೆ?

ಗುಡ್ಡವನ್ನು ಕೊಂದಿದ್ದು ಸೀಸನ್. ಸೀಸನ್ ತಲೆಕೆಳಗಾಯಿತು.

ಹಳೆ ಲೆಕ್ಕ ಹೀಗಿತ್ತು. ಚಳಿಗಾಲದ ಆರು ತಿಂಗಳು ಇಲ್ಲಿ, ಬೇಸಿಗೆಗೆ ಬೀಗ. ಆ ಬೇಸಿಗೆಯಲ್ಲಿ ಅಡುಗೆಯವರು, ಮಾಣಿಗಳು, ಮ್ಯಾನೇಜರುಗಳು ಸ್ವಿಟ್ಜರ್ಲೆಂಡಿನ ಸರೋವರದ ಊರುಗಳಿಗೆ ಹೋಗ್ತಾ ಇದ್ದರು. ರಿಟ್ಜ್ ಹೋಟೆಲುಗಳ ಸೀಸರ್ ರಿಟ್ಜ್ ಹೆಸರು ಕೇಳಿರ್ತೀರಿ. ಅವರೂ ಬೇಸಿಗೆಗೆ ಲ್ಯೂಸರ್ನ್, ಚಳಿಗಾಲಕ್ಕೆ ಮಾಂಟೆ ಕಾರ್ಲೊ ಅಂತ ಓಡಾಡಿಯೇ ಬೆಳೆದವರು. ಅವರ ಜೊತೆ ಸೇರಿದ ಅಡುಗೆ ಗುರು ಎಸ್ಕೊಫಿಯೇ ಇದೇ ಸೀಮೆಯವರು, ಹದಿಮೂರನೇ ವಯಸ್ಸಿಗೆ ನೀಸ್‌ನಲ್ಲಿ ಚಿಕ್ಕಪ್ಪನ ರೆಸ್ಟೋರೆಂಟಿನಲ್ಲಿ ಕೆಲಸಕ್ಕೆ ಸೇರಿದವರು. ಇವತ್ತಿಗೂ ನಮ್ಮ ಕಿಚನ್ನುಗಳಲ್ಲಿ ಕೆಲಸ ಹಂಚುವ ಪದ್ಧತಿ ಅವರದ್ದೇ.

ಯುದ್ಧದ ನಂತರ ಬಂದ ಜನ ಬೇರೆ. ವಯಸ್ಸು ಕಡಿಮೆ. ಅಮೆರಿಕದವರು ಜಾಸ್ತಿ. ಅವರಿಗೆ ಬಿಸಿಲಿನಲ್ಲಿ ಮೈ ಕಂದಿಸಿಕೊಳ್ಳಬೇಕು, ನೀರಿಗೆ ಇಳಿಯಬೇಕು. ಹಿಂದಿನವರು ಮುಖ ಕಪ್ಪಾಗುತ್ತೆ ಅಂತ ಕೊಡೆ ಹಿಡಿದುಕೊಂಡು ಓಡಾಡಿದ ಜಾಗ ಅದು! 1923ರಲ್ಲಿ ಪಕ್ಕದ ಆಂತೀಬ್‌ನಲ್ಲಿ ಓತೆಲ್ ದು ಕಾಪ್ ಮೊದಲ ಸಲ ಬೇಸಿಗೆಯಲ್ಲೂ ಸ್ವಲ್ಪ ಭಾಗ ತೆರೆದಿಟ್ಟಿತು, ಮರ್ಫಿ ಅನ್ನುವ ಅಮೆರಿಕದ ದಂಪತಿ ಮತ್ತು ಅವರ ಗೆಳೆಯರಿಗಾಗಿ. ಹತ್ತು ವರ್ಷದೊಳಗೆ ಇಡೀ ಕರಾವಳಿಯ ಸೀಸನ್ ಬೇಸಿಗೆಗೆ ಬಂತು. 1936ರಲ್ಲಿ ಫ್ರಾನ್ಸಿನ ಕೆಲಸಗಾರರಿಗೆಲ್ಲ ಎರಡು ವಾರ ಸಂಬಳ ಸಹಿತ ರಜೆ ಅಂತ ಕಾನೂನು ಬಂತು. ಅವರು ರಜೆ ಹಾಕುತ್ತಿದ್ದದ್ದೂ ಬೇಸಿಗೆಯಲ್ಲೇ.

ಈಗ ನೀವೇ ಯೋಚಿಸಿ, ಜುಲೈನಲ್ಲಿ ಸ್ನಾನದ ಬಟ್ಟೆ, ಟವೆಲ್ಲು ಹಿಡಿದು, ಮಕ್ಕಳನ್ನು ಕಟ್ಟಿಕೊಂಡು ಬಂದವರು ಯಾರಾದರೂ ಸಮುದ್ರದಿಂದ ಅಷ್ಟು ದೂರ, ಗುಡ್ಡದ ಮೇಲೆ ಕೋಣೆ ಹಿಡೀತಾರಾ? ಚಳಿಗಾಲದ ಬಿಸಿಲು ಹಿಡಿಯಲು ದಕ್ಷಿಣಕ್ಕೆ ಬಾಯಿ ತೆರೆದಿಟ್ಟ ಆ ಕಿಟಕಿಗಳು ಬೇಸಿಗೆಯಲ್ಲಿ ಕೋಣೆಗಳನ್ನು ಒಲೆ ಮಾಡ್ತವೆ. ಮೊದಲು ಯಾವುದು ಗುಣ ಆಗಿತ್ತೋ ಅದೇ ದೋಷ ಆಯಿತು. ಕೆಳಗಿನ ನೆಗ್ರೆಸ್ಕೊ ಬಾಗಿಲು ದಾಟಿ ರಸ್ತೆ ದಾಟಿದರೆ ನೀರು. ಅಷ್ಟೇ ವ್ಯತ್ಯಾಸ.

ಅದರ ಮೇಲೆ 1929ರ ಷೇರು ಕುಸಿತ. 1931ರಲ್ಲಿ ಪೌಂಡ್ ಬೆಲೆ ಬಿದ್ದು ಇಂಗ್ಲಿಷರಿಗೆ ಫ್ರಾನ್ಸ್ ವಿಪರೀತ ದುಬಾರಿ ಆಯಿತು. ಗುಡ್ಡದ ಹೋಟೆಲುಗಳನ್ನು ನಂಬಿಕೊಂಡಿದ್ದವರು ಅವರೇ. 400 ಕೋಣೆಯ ಕಟ್ಟಡ ಅಂದರೆ ಏನು ಅಂತ ಹೊರಗಿನವರಿಗೆ ಅಂದಾಜು ಸಿಗಲ್ಲ. ಅರ್ಧ ಖಾಲಿ ಇದ್ದರೂ ಬಾಯ್ಲರ್ ಪೂರ್ತಿ ಉರೀಬೇಕು, ಕಾರಿಡಾರಿನ ಅಷ್ಟೂ ದೀಪ ಹತ್ತಬೇಕು, ಅಷ್ಟೂ ಹಾಸು ಕಂಬಳಿ ಗುಡಿಸಬೇಕು. ಹಳೆ ಕಟ್ಟಡಗಳಲ್ಲಿ ಕೋಣೆಗೊಂದು ಬಾತ್‌ರೂಮ್ ಇರ್ತಾ ಇರಲಿಲ್ಲ, ಹೊಸ ಗಿರಾಕಿಗೆ ಅದು ಬೇಕೇ ಬೇಕು, ಕಲ್ಲಿನ ಗೋಡೆ ಒಡೆದು ಪೈಪು ಎಳೆಯೋದಕ್ಕೆ ಮಾಲೀಕರ ಹತ್ತಿರ ಕಾಸಿಲ್ಲ. ಹೋಳು ಮಾಡಿ ಮಾರೋದೇ ದಾರಿ. ರೆಜಿನಾ 1937ರ ಹೊತ್ತಿಗೆ ಅಪಾರ್ಟ್‌ಮೆಂಟು ಆಗಿದ್ದು ಹೀಗೆ.

ಕಲ್ಲುಗಾರೆ

ಮೂರುಪಾಳಿ ಸರ್, ಒಪ್ಪಿದೆ. ನಾನು ಗೋಡೆ ನೋಡಿದೆ, ನೀವು ಲೆಕ್ಕದ ಪುಸ್ತಕ ನೋಡಿದಿರಿ. ಯುದ್ಧ ಅಂತ ನಾನು ಬೇಗ ಹೇಳಿಬಿಟ್ಟೆ. ಕಿಟಕಿಗಳ ವಿಷಯ ನಾನೇ ಬರೆದೂ ಬೇಸಿಗೆಗೆ ಅದನ್ನು ಹೊಂದಿಸಿ ನೋಡಲಿಲ್ಲ.

ಒಂದು ತಿದ್ದುಪಡಿ ಮಾತ್ರ. ಸಮುದ್ರದ ಬದಿ ಇದ್ದಿದ್ದೆಲ್ಲ ಉಳಿಯಿತು ಅಂತ ಯಾರೂ ತಿಳಿಯಬಾರದು. ನೆಗ್ರೆಸ್ಕೊ ತೆರೆದ ವರ್ಷವೇ ಅದೇ ದಂಡೆಯಲ್ಲಿ ರೂಲ್ ಅನ್ನುವ ಹೋಟೆಲು ತೆರೆದಿತ್ತು. ದಲ್ಮಾ ಅನ್ನುವ ವಾಸ್ತುಶಿಲ್ಪಿ ಕಟ್ಟಿದ್ದು, ಅದಕ್ಕೂ ಗುಮ್ಮಟಗಳು. ಹಳೆ ಪೋಸ್ಟ್ ಕಾರ್ಡುಗಳಲ್ಲಿ ನೋಡಿದರೆ ಎಷ್ಟು ಚಂದ ಇತ್ತು ಅಂದರೆ... 1970ರಲ್ಲಿ ಕೆಡವಿದರು. ಈಗ ಆ ಜಾಗದಲ್ಲಿ ಚಪ್ಪಟೆ ಕಾಂಕ್ರೀಟ್ ಕಟ್ಟಡ. ಸರ್ ಹೇಳಿದ ಪಾಲೆ ದ ಲಾ ಮೆದಿತೆರಾನೆ 1978ರಲ್ಲಿ ಮುಚ್ಚಿತು, 1990ರಲ್ಲಿ ಒಳಗಿನದ್ದೆಲ್ಲ ಒಡೆದು ಮುಂಭಾಗದ ಗೋಡೆ ಮಾತ್ರ ಉಳಿಸಿದರು. 2004ರಲ್ಲಿ ಆ ಗೋಡೆಯ ಹಿಂದೆ ಹೊಸ ಹೋಟೆಲು ಬಂತು. ಸಮುದ್ರದೊಳಗೆ ಕಂಬಗಳ ಮೇಲೆ ನಿಂತಿದ್ದ ಜೆಟಿ ಕ್ಯಾಸಿನೊವನ್ನಂತೂ 1944ರಲ್ಲಿ ಜರ್ಮನರು ಲೋಹಕ್ಕಾಗಿ ಬಿಚ್ಚಿಕೊಂಡು ಹೋದರು.

ಆದ್ದರಿಂದ ನೆಗ್ರೆಸ್ಕೊ ಉಳಿದಿದ್ದಕ್ಕೆ ದಂಡೆ ಒಂದೇ ಕಾರಣ ಅಲ್ಲ. ಅದಕ್ಕೆ ಒಬ್ಬ ಹೆಂಗಸು ಸಿಕ್ಕರು. ಝಾನ್ ಒಜಿಯೇ. 1957ರಲ್ಲಿ ಅವರ ಮನೆಯವರು ಕೊಂಡರು, ಇವರು ದಶಕಗಳ ಕಾಲ ನಡೆಸಿ, 2019ರಲ್ಲಿ 95ನೇ ವಯಸ್ಸಿಗೆ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ದೊಡ್ಡ ಗುಮ್ಮಟದ ಸಭಾಂಗಣದಲ್ಲಿ ಬಕಾರಾ ಕಂಪನಿಯ 16,309 ಹರಳಿನ ತೂಗುದೀಪ ಇದೆ, ಒಳಗೆ ಬಿಟ್ಟರೆ ತಪ್ಪದೆ ನೋಡಿ. ದಶಕಗಳ ಕಾಲ ಒಬ್ಬರೇ ಒಂದು ಕಟ್ಟಡವನ್ನು ಮನೆಯ ಹಾಗೆ ನೋಡಿಕೊಳ್ಳುವುದು ಸುಮ್ನೆ ಅಲ್ಲ. ರೂಲ್‌ಗೆ ಅಂಥವರು ಸಿಗಲಿಲ್ಲ.

ಗುಡ್ಡದವು ಮನೆಗಳಾಗಿದ್ದಕ್ಕೆ ನನಗೆ ದುಃಖವೂ ಇಲ್ಲ. ಹೋಟೆಲಾಗಿಯೇ ಕಷ್ಟಪಟ್ಟಿದ್ದರೆ 1970ರಲ್ಲಿ ಅವಕ್ಕೂ ರೂಲ್‌ನ ಗತಿ ಆಗ್ತಾ ಇತ್ತು. ನೂರು ಮಾಲೀಕರು ಒಪ್ಪದೆ ಯಾರೂ ಕೆಡವೋಕೆ ಆಗಲ್ಲ. 2021ರಲ್ಲಿ ಯುನೆಸ್ಕೊ ನೀಸ್ ಅನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತಲ್ಲ, ಯಾವ ಹೆಸರಿನಲ್ಲಿ ಗೊತ್ತಾ? ಚಳಿಗಾಲದ ವಿಹಾರದ ಊರು ಅಂತ.

ಇನ್ನೊಂದು, ದಾರಿಹೋಕರೇ. ನೀವು ಮತೀಸ್ ನೋಡಲು ಹೋಗಿದ್ದಿರಿ ಅಲ್ವಾ? ಆ ಕಾಲಿಂಗ್ ಬೆಲ್ಲುಗಳಲ್ಲಿ ಒಂದು ಕಾಲದಲ್ಲಿ ಅವರದೂ ಇತ್ತು. 1938ರಲ್ಲಿ ರೆಜಿನಾದಲ್ಲಿ ಮನೆ ಕೊಂಡರು. ನಡುವೆ ಕೆಲವು ವರ್ಷ ವಾನ್ಸ್ ಊರಿನಲ್ಲಿದ್ದು ಮತ್ತೆ ಇಲ್ಲಿಗೇ ಬಂದರು. ಆ ಹೋಟೆಲಿನ ಕೋಣೆಗಳು ಎಷ್ಟು ಎತ್ತರ ಅಂದರೆ, ತಾವೇ ರೂಪಿಸ್ತಾ ಇದ್ದ ವಾನ್ಸ್‌ನ ಪ್ರಾರ್ಥನಾ ಮಂದಿರಕ್ಕೆ ಬೇಕಾದ ಭಾರಿ ಚಿತ್ರಗಳನ್ನು ಅವರು ಮನೆಯ ಗೋಡೆಯ ಮೇಲೇ ಬರೆದು ನೋಡಿದರು. ಉದ್ದನೆ ಬಿದಿರು ಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು, ಕೆಳಗಿನಿಂದ ಕೈ ಎತ್ತಿ. ಎಂಬತ್ತು ವರ್ಷದ ಮುದುಕ, ದೊಡ್ಡ ಆಪರೇಷನ್ ಆಗಿದ್ದ ದೇಹ. 1954ರ ನವೆಂಬರಿನಲ್ಲಿ ತೀರಿಕೊಂಡಿದ್ದೂ ಅದೇ ಮನೆಯಲ್ಲಿ.

ದಾರಿಹೋಕ

ಓದಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ಮ್ಯೂಸಿಯಂ ಒಳಗೆ ಎರಡು ಗಂಟೆ ಅವರ ಚಿತ್ರ ನೋಡಿದೆ, ಅವರ ಮನೆ ಬಾಗಿಲಲ್ಲಿ ನಿಂತಿದ್ದೆ ಅಂತ ಗೊತ್ತೇ ಆಗಲಿಲ್ಲ. ಜನವರಿಯಲ್ಲಿ ಮತ್ತೆ ಅಕ್ಕನ ಮನೆಗೆ ಹೋಗುವುದಿದೆ. ಚಳಿಗಾಲದಲ್ಲೇ ಇನ್ನೊಮ್ಮೆ ನೋಡಬೇಕು. ಗುಡ್ಡದಲ್ಲಿ ಏನೇನು ಬಿಡಬಾರದು?

ಮೂರುಪಾಳಿ

ಜನವರಿ ಒಳ್ಳೆಯದು, ಕಾರ್ನಿವಲ್ ಶುರುವಾದರೆ ರೂಮಿನ ಬಾಡಿಗೆ ಏರುತ್ತೆ. ಬಸ್ಸಿನಲ್ಲಿ ಮೇಲೆ ಹೋಗಿ, ಬರುವಾಗ ಬುಲ್ವಾರ್ ದ ಸಿಮಿಯೇ ಹಿಡಿದು ನಡೆದೇ ಇಳಿಯಿರಿ. ವಿಂಟರ್ ಪ್ಯಾಲೇಸ್, ಮಿನಾರುಗಳಿರುವ ಅಲ್ಹಂಬ್ರಾ, ಕೆಳಗೆ ಮಜೆಸ್ಟಿಕ್, ಎಲ್ಲ ಆ ದಾರಿಯ ಆಸುಪಾಸಿನಲ್ಲೇ ಸಿಗ್ತವೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೆಜಿನಾ ಮುಂದೆ ಇರಿ, ಬಿಸಿಲು ಯಾವ ಕಿಟಕಿಗೆ ಎಷ್ಟು ಒಳಗೆ ಹೋಗುತ್ತೆ ಅಂತ ಕಣ್ಣಾರೆ ಕಾಣುತ್ತೆ. ಹಾಗೇ ತಲೆ ಎತ್ತಿ ಇಂಥ ಕಟ್ಟಡಗಳ ಚಾವಣಿಯ ಕೆಳಗಿನ ಸಣ್ಣ ಕಿಟಕಿಗಳನ್ನೂ ನೋಡಿ. ಅತಿಥಿಗಳ ಜೊತೆ ಬಂದ ಆಳುಗಳು, ಹೋಟೆಲಿನ ಹುಡುಗಿಯರು ಮಲಗುತ್ತಿದ್ದ ಕೋಣೆಗಳು ಅಲ್ಲೇ ಇರ್ತಾ ಇದ್ದವು.